ಮನೆವಾರ್ತೆ: ಮುದಿನಾಯಿಯ ಕೊರಳು

ಮಕ್ಕಳ ಪಾಲನೆ, ವೃದ್ಧರ ಪಥ್ಯ, ಉಗ್ರಾಣದ ವ್ಯವಸ್ಥೆ ಮೊದಲಾದ ಗೃಹಕೃತ್ಯದ ವಿಷಯಗಳನ್ನು ಕುರಿತು ತಿಂಗಳು ತಿಂಗಳೂ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತ ಬಂದಿರುವ ನಾವು, ಈ ಸಲ ನಾಯಿಯ ಕೊರಳಿನ ವಿಚಾರವನ್ನು ಎತ್ತಿಕೊಂಡುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಮನುಷ್ಯರ ರೋಗಗಳಿಗೇ ಕೊನೆಮೊದಲಿಲ್ಲದಿರುವಾಗ ನಾಯಿಗೆ ಒಂದು ಪುಟವೇ ಎಂದು ಕೇಳಲೂಬಹುದು. ಅಂಥವರಿಗೆ ನಮ್ಮ ಉತ್ತರವಿಷ್ಟೆ: ಹನ್ನೆರಡು ಹದಿಮೂರು ವರ್ಷ ನಮ್ಮ ಬಾಗಿಲನ್ನು ಕಾಯ್ದ ಪ್ರಾಣಿಯು ಮುಪ್ಪಿನಲ್ಲಿ ಉಸಿರಿಗಾಗಿ ಒದ್ದಾಡುವಾಗ ಏನು ಮಾಡಬೇಕು, ಏನು ಮಾಡಬಾರದು, ಎಷ್ಟರ ಮಟ್ಟಿಗೆ ಮಾಡಬೇಕು ಎಂಬುದನ್ನು ನಿರ್ಧರಿಸುವ ಹೊಣೆ ಗೃಹಸ್ಥನ ಮೇಲೆಯೇ ಬೀಳುತ್ತದೆ. ಅದು ತನ್ನ ನೋವನ್ನು ತಾನು ಹೇಳಲಾರದು. ಚಿಕಿತ್ಸೆ ಬೇಕೆಂದಾಗಲಿ ಬೇಡವೆಂದಾಗಲಿ ನುಡಿಯಲಾರದು.

ನಮ್ಮ ಹಿರಿಯರು ಈ ಋಣವನ್ನು ಹಗುರವಾಗಿ ಎಣಿಸಿದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನವನ್ನು ಅನೇಕರು ನೋಡಿರಬಹುದು. ಗಂಗರ ಬೂತುಗನ ಸೇವಕನಾದ ಮಣಲೇರನು ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕಾಗಿ ಒಡೆಯನು ಬೇಕಾದುದನ್ನು ಕೇಳೆಂದಾಗ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಸತ್ತ ನಾಯಿಗೆ ಭೂಮಿಯನ್ನು ಬಿಟ್ಟ ನಾಡಿನಲ್ಲಿ, ಬದುಕಿರುವ ನಾಯಿಗೆ ಒಂದು ಪುಟವನ್ನು ಬಿಡುವುದು ಹೆಚ್ಚಲ್ಲವೆಂದು ನಂಬಿ ಪ್ರಕೃತ ವಿಷಯಕ್ಕೆ ಬರುತ್ತೇವೆ.

ನಮ್ಮ ಮನೆಯ ನಾಯಿಯ ಹೆಸರು ಕರಿಯ. ಲ್ಯಾಬ್ರಡಾರ್ ಜಾತಿಯದು, ವಯಸ್ಸು 13. ಮೈಸೂರಿನ ನಮ್ಮ ಮನೆಗೆ ಅದು ಬಂದಾಗ ನಮ್ಮ ಮಗನು ಪ್ರಾಥಮಿಕ ಶಾಲೆಯಲ್ಲಿದ್ದನು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಆಷಾಢದಲ್ಲಿ ಕರಿಯನ ಬೊಗಳುವ ದನಿ ಬದಲಾಯಿತು. ಬೀದಿಯ ಕೊನೆಗೆ ಕೇಳಿಸುತ್ತಿದ್ದ ತುಂಬು ಕಂಠವು ಒಡಕು ಕೊಳಲಿನಂತಾಯಿತು. ಮಳೆಗಾಲದ ಶೀತವೆಂದು ನಾವು ಸುಮ್ಮನಾದೆವು. ಶ್ರಾವಣದಲ್ಲಿ ನೀರು ಕುಡಿದೊಡನೆ ಕೆಮ್ಮತೊಡಗಿತು. ಭಾದ್ರಪದದ ಹೊತ್ತಿಗೆ ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಾಗ ಗರಗಸ ಎಳೆದಂತಹ ಸದ್ದು. ಕಾಲುವೆಯವರೆಗೆ ಓಡಿ ಈಜಿ ಬರುತ್ತಿದ್ದ ಪ್ರಾಣಿ ಬೀದಿಯ ತಿರುವಿನಲ್ಲಿಯೇ ಕುಳಿತುಬಿಡುತ್ತಿತ್ತು. ಒಂದು ಸಂಜೆ ಊಟದ ನಡುವೆ ಕೊರಳನ್ನು ಚಾಚಿ ಓಕರಿಸಿದುದನ್ನು ಕಂಡು ನಮ್ಮ ತಾಯಿಯವರು, “ಗಂಟಲಲ್ಲಿ ಮೂಳೆಗೀಳೆ ಸಿಕ್ಕಿಕೊಂಡಿದೆಯೋ ಏನೋ, ಸ್ವಲ್ಪ ನೋಡಪ್ಪ” ಎಂದರು. ನಾವು ಒಡನೆಯೇ ಅದರ ಬಾಯಿಗೆ ಕೈಹಾಕಿ ತಡಕಿದೆವು. ಮೂಳೆ ಸಿಗಲಿಲ್ಲ, ಹಲ್ಲು ತಗುಲಿ ಬೆರಳು ತರಚಿತು.

ಮರುದಿನ ಪಶುವೈದ್ಯರಲ್ಲಿಗೆ ಹೋದಾಗ ಅವರು ಕೊರಳನ್ನು ನೋಡುವುದಕ್ಕೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಹುಚ್ಚುನಾಯಿ ರೋಗದ ಚುಚ್ಚುಮದ್ದು ಯಾವಾಗ ಹಾಕಿಸಿದ್ದು?” ಚೀಟಿಯನ್ನು ತೆಗೆದು ನೋಡಿದರೆ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಬೆರಳಿನ ತರಚನ್ನು ಕಂಡು ಅವರು ನಮ್ಮನ್ನು ಬಯ್ದ ಬಯ್ಗುಳವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅದರ ಸಾರವನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರತಕ್ಕದ್ದು. ಹುಚ್ಚುನಾಯಿ ರೋಗವೆಂದರೆ ಸಿಕ್ಕಸಿಕ್ಕವರನ್ನು ಕಚ್ಚುವುದೊಂದೇ ಎಂದು ನಾವು ತಿಳಿದಿದ್ದೇವೆ. ಆ ರೋಗಕ್ಕೆ ಮತ್ತೊಂದು ರೂಪವುಂಟು. ಅದರಲ್ಲಿ ನಾಯಿ ಮಂಕಾಗಿರುತ್ತದೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬೊಗಳುವ ದನಿ ಬದಲಾಗುತ್ತದೆ, ನುಂಗಲಾರದೆ ಹೋಗುತ್ತದೆ. ನೋಡುವವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆಯೇ ತೋರುತ್ತದೆ. ಕರುಣೆಯಿಂದ ಬಾಯೊಳಕ್ಕೆ ಕೈಹಾಕಿದವನ ಕೈಗೆ ರೋಗದ ಜೊಲ್ಲು ಮೆತ್ತುತ್ತದೆ. ಲಕ್ಷಣಗಳು ತೋರಿದ ಮೇಲೆ ಈ ರೋಗಕ್ಕೆ ಮನುಷ್ಯನಲ್ಲಾಗಲಿ ನಾಯಿಯಲ್ಲಾಗಲಿ ನೆಚ್ಚತಕ್ಕ ಔಷಧವಿಲ್ಲ.

ನಮ್ಮ ಪುಣ್ಯಕ್ಕೆ ಕರಿಯನ ದನಿ ಬದಲಾಗಿ ಆಗಲೇ ಎರಡು ತಿಂಗಳು ಕಳೆದಿತ್ತು. ಹುಚ್ಚು ಹಿಡಿದ ನಾಯಿ ಲಕ್ಷಣ ತೋರಿದ ಮೇಲೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುವುದರಿಂದ, ನಿಧಾನವಾಗಿ ಬೆಳೆದ ಈ ಕಾಯಿಲೆ ಅದಲ್ಲವೆಂದು ವೈದ್ಯರು ತೀರ್ಮಾನಿಸಿದರು. ಆದರೂ ವಾಚಕರಿಗೆ ನಮ್ಮ ಪ್ರಾರ್ಥನೆ: ದನಿ ಕೆಟ್ಟ, ನುಂಗಲಾರದ ನಾಯಿಯ ಬಾಯಿಗೆ ಬರಿಗೈ ಹಾಕಬೇಡಿರಿ. ಹಾಕಿದ್ದರೆ ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಕೇಳಿರಿ.

ಇನ್ನು ಮುದಿನಾಯಿಯ ಕೊರಳಿಗೆ ಬರಬಹುದಾದ ಬೇರೆ ಕಾಯಿಲೆಗಳು ಯಾವುವು? ಪೊಮೇರಿಯನ್‌ನಂತಹ ಚಿಕ್ಕ ಜಾತಿಯ ನಾಯಿಗಳಲ್ಲಿ ಶ್ವಾಸನಾಳದ ಉಂಗುರಗಳು ಸೊರಗಿ ನಾಳವು ಚಪ್ಪಟೆಯಾಗುವುದುಂಟು. ಆಗ ಬಾತುಕೋಳಿ ಕೂಗಿದಂತಹ ಒಣಕೆಮ್ಮು ಕೇಳಿಸುತ್ತದೆ. ಹೃದಯದ ಕವಾಟ ಸೋರಿದರೂ ಕೆಮ್ಮು ಬರುತ್ತದೆ. ಗಂಟಲ ಗ್ರಂಥಿಯಲ್ಲೋ ಥೈರಾಯಿಡ್ ಗ್ರಂಥಿಯಲ್ಲೋ ದುರ್ಮಾಂಸ ಬೆಳೆಯಬಹುದು. ನಮ್ಮಂತಹ ಬಿಸಿಲುನಾಡಿನಲ್ಲಿ, ಸಗಣಿಹುಳುವಿನ ಮೂಲಕ ಒಳಹೊಗುವ ಒಂದು ಜಂತು ಅನ್ನನಾಳದಲ್ಲಿ ಗಂಟುಕಟ್ಟಿ ನುಂಗಿದ ಆಹಾರವನ್ನು ಹೊರಕ್ಕೆ ತಳ್ಳುವುದೂ ಉಂಟು. ಲ್ಯಾಬ್ರಡಾರ್‌ನಂತಹ ದೊಡ್ಡ ಜಾತಿಯ ಮುದಿನಾಯಿಗಳಲ್ಲಿ ದನಿ ಒಡೆದು, ಒಳಗೆಳೆಯುವ ಉಸಿರಿಗೆ ಸದ್ದು ಬಂದು, ನೀರಿಗೆ ಕೆಮ್ಮು ಹತ್ತಿದರೆ ವೈದ್ಯರು ಮೊದಲು ಶಂಕಿಸುವುದು ಧ್ವನಿಪೆಟ್ಟಿಗೆಯ ಲಕ್ವವನ್ನು.

ಈ ಲಕ್ವದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಶ್ವಾಸನಾಳದ ತಲೆಬಾಗಿಲಲ್ಲಿ ಎರಡು ಕದಗಳಂತಹ ಮಡಿಕೆಗಳಿವೆ. ಉಸಿರೆಳೆಯುವಾಗ ಅವು ತೆರೆಯಬೇಕು, ನುಂಗುವಾಗ ಮುಚ್ಚಬೇಕು, ಬೊಗಳುವಾಗ ಮಿಡಿಯಬೇಕು. ಈ ಕದಗಳನ್ನು ಆಡಿಸುವ ನರವು ಮಿದುಳಿನಿಂದ ನೇರವಾಗಿ ಕೊರಳಿಗೆ ಬರುವುದಿಲ್ಲ. ಎದೆಯವರೆಗೆ ಇಳಿದು, ಎಡಗಡೆಯದು ಹೃದಯದಿಂದ ಹೊರಟ ಮಹಾಧಮನಿಯನ್ನು ಬಳಸಿ, ಮತ್ತೆ ಮೇಲಕ್ಕೇರಿ ಕೊರಳನ್ನು ಸೇರುತ್ತದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ಗ್ರೀಕ್ ವೈದ್ಯನು ಕಿರಿಚುವ ಹಂದಿಯ ಈ ನರವನ್ನು ಕತ್ತರಿಸಿ, ಕೂಡಲೇ ದನಿ ನಿಂತುದನ್ನು ರೋಮಿನ ಜನರಿಗೆ ತೋರಿಸಿದ್ದನು. ಅಷ್ಟು ಉದ್ದದ ನರವು ಮುಪ್ಪಿನಲ್ಲಿ ಮೊದಲು ಸೋಲುವುದು ಆಶ್ಚರ್ಯವಲ್ಲ. ಸೋತಾಗ ಕದಗಳು ತೆರೆಯದೆ ಅರೆಮುಚ್ಚಿ ನಿಲ್ಲುತ್ತವೆ. ನಾಯಿ ಬಲವಾಗಿ ಉಸಿರೆಳೆದಷ್ಟೂ ಅವು ಒಳಕ್ಕೆ ಸೆಳೆದು ದಾರಿ ಇನ್ನೂ ಇಕ್ಕಟ್ಟಾಗುತ್ತದೆ. ಹಿಂಗಾಲುಗಳ ಉದ್ದನೆಯ ನರಗಳೂ ಇದೇ ಕಾಲದಲ್ಲಿ ಸೊರಗುವುದುಂಟು. ಇಂತಹ ನಾಯಿಗಳಲ್ಲಿ ಅನ್ನನಾಳವೂ ಬಲಗುಂದಿರುವುದನ್ನೂ, ವರ್ಷದೊಳಗೆ ಕಾಲುಗಳಲ್ಲಿಯೂ ನಿಶ್ಶಕ್ತಿ ತೋರುವುದನ್ನೂ 2010ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕರಿಯನು ಮೆಟ್ಟಿಲೇರುವಾಗ ಹಿಂಗಾಲೆಳೆಯುತ್ತಿದ್ದುದನ್ನು ನಾವು ಮುಪ್ಪಿನ ಕೀಲುನೋವೆಂದು ತಿಳಿದಿದ್ದೆವು. ಮೂಲ ಒಂದೇ ಆಗಿತ್ತು.

ಆದರೆ ಶಂಕೆಯೇ ಬೇರೆ, ನಿಶ್ಚಯವೇ ಬೇರೆ. ನಿಶ್ಚಯಕ್ಕೆ ನಾಯಿಯನ್ನು ಲಘುವಾಗಿ ಮಂಪರಿಗೆ ತಂದು, ದೀಪವಿರುವ ಸಾಧನದಿಂದ ಕದಗಳ ಚಲನೆಯನ್ನು ಕಣ್ಣಾರೆ ನೋಡಬೇಕು. ಮಂಪರು ಹೆಚ್ಚಾದರೆ ಒಳ್ಳೆಯ ಕದವೂ ಆಡದು. ಕಡಿಮೆಯಾದರೆ ನಾಯಿ ಬಾಯಿ ತೆರೆಯದು. 13 ವರ್ಷದ ಪ್ರಾಣಿಗೆ ಮಂಪರು ಕೊಡುವುದೇ ಎಂಬಲ್ಲಿಂದ ನಮ್ಮ ಮನೆಯಲ್ಲಿ ಚರ್ಚೆ ಮೊದಲಾಯಿತು. ಮಗನು ಫೋನಿನಲ್ಲಿ, “ಅಪ್ಪಾ, ಖರ್ಚು ನಾನು ನೋಡಿಕೊಳ್ತೇನೆ, ಏನೇನು ಪರೀಕ್ಷೆ ಇದೆಯೋ ಎಲ್ಲ ಮಾಡಿಸಿ” ಎಂದನು. ತಾಯಿಯವರು, “ವಯಸ್ಸಾದ ಜೀವ, ಅದನ್ನ ಕೊಯ್ಯಿಸಿ ಕಾಡಬೇಡಿ, ಇರೋಷ್ಟು ದಿನ ತಣ್ಣಗಿರಲಿ” ಎಂದರು. ಮನೆಯವರು ಇಬ್ಬರ ಮಾತಿಗೂ ತಲೆದೂಗಿ, ಕರಿಯನ ಬೆನ್ನನ್ನು ಸವರುತ್ತ ಕುಳಿತರು. ಇಬ್ಬರದೂ ಪ್ರೀತಿಯೇ; ಆದರೆ ಪ್ರೀತಿಯೊಂದೇ ತೀರ್ಮಾನವನ್ನು ಕೊಡುವುದಿಲ್ಲವೆಂಬುದು ನಮಗೆ ಅಂದು ಗೊತ್ತಾಯಿತು.

ನಮ್ಮ ವೈದ್ಯರು ಹೇಳಿದ ಒಂದು ಮಾತು ಈ ಕಗ್ಗಂಟನ್ನು ಸಡಿಲಿಸಿತು. “ಪರೀಕ್ಷೆ ಮಾಡಿಸುವುದಕ್ಕೆ ಮೊದಲು, ಅದರ ಫಲ ಹೀಗೆ ಬಂದರೆ ಏನು ಮಾಡುವಿರಿ, ಹಾಗೆ ಬಂದರೆ ಏನು ಮಾಡುವಿರಿ ಎಂದು ಯೋಚಿಸಿ. ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ನಿಮ್ಮ ಸಮಾಧಾನಕ್ಕಲ್ಲದೆ ನಾಯಿಯ ಉಪಯೋಗಕ್ಕಲ್ಲ.” ಈ ದೃಷ್ಟಿಯಿಂದ ನಾವು ಪರೀಕ್ಷೆಗಳನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದೆವು.

ಮೊದಲನೆಯದು ನಾಯಿಗೆ ಯಾವ ಕಷ್ಟವನ್ನೂ ಕೊಡದಿರುವುದು. ವೈದ್ಯರು ಕೊರಳಿನ ಮೇಲೂ ಎದೆಯ ಮೇಲೂ ನಳಿಗೆಯಿಟ್ಟು ಕೇಳುವುದು, ಕೊರಳನ್ನು ಒತ್ತಿ ಗಂಟುಗಳಿವೆಯೇ ಎಂದು ನೋಡುವುದು, ಹಿಂಗಾಲುಗಳ ನಡೆಯನ್ನು ಗಮನಿಸುವುದು. ಆಸ್ಪತ್ರೆಯಲ್ಲಿ ನಾಯಿ ತೋರದ ಲಕ್ಷಣವನ್ನು ಮನೆಯಲ್ಲಿ ತೋರುವುದರಿಂದ, ಅದರ ಉಸಿರಾಟವನ್ನೂ ಕೆಮ್ಮನ್ನೂ ಮೊಬೈಲ್ ಫೋನಿನಲ್ಲಿ ಚಿತ್ರಿಸಿಕೊಂಡು ಹೋಗುವುದು ಬಹಳ ಉಪಯುಕ್ತ. ಎರಡನೆಯದು ರಕ್ತಪರೀಕ್ಷೆ ಮತ್ತು ಎದೆಯ ಕ್ಷ-ಕಿರಣ ಚಿತ್ರ. ಇವುಗಳಿಂದ ಮೂತ್ರಪಿಂಡ, ಯಕೃತ್ತು, ಥೈರಾಯಿಡ್‌ಗಳ ಸ್ಥಿತಿಯೂ, ಹೃದಯ ಹಿಗ್ಗಿದೆಯೇ, ಶ್ವಾಸಕೋಶಕ್ಕೆ ಆಹಾರ ನುಸುಳಿ ಜ್ವರ ಹಿಡಿದಿದೆಯೇ, ಅನ್ನನಾಳ ಅಗಲವಾಗಿದೆಯೇ, ಗೆಡ್ಡೆಗಳಿವೆಯೇ ಎಂಬುದೂ ತಿಳಿಯುತ್ತವೆ. ಥೈರಾಯಿಡ್ ಕುಂದಿದ್ದರೆ ಮಾತ್ರೆ ಕೊಡುವುದು ಸರಿ. ಆದರೆ ಅದರಿಂದ ಸೋತ ಕದಗಳು ಮತ್ತೆ ಆಡುವುದು ಅಪರೂಪ. ಮೂರನೆಯದೇ ಮಂಪರಿನ ಪರೀಕ್ಷೆ. ಮೊದಲೆರಡರ ಫಲ ಬಂದ ಮೇಲೆಯೇ ಮೂರನೆಯದನ್ನು ಯೋಚಿಸತಕ್ಕದ್ದು. ಎದೆಯ ಚಿತ್ರದಲ್ಲಿಯೇ ದುರ್ಮಾಂಸ ಹರಡಿರುವುದು ಕಂಡರೆ ಮಂಪರು ಕೊಟ್ಟು ಸಾಧಿಸುವುದೇನೂ ಇಲ್ಲ.

ಕರಿಯನ ರಕ್ತವೂ ಎದೆಯೂ ವಯಸ್ಸಿಗೆ ಮೀರಿ ಚೆನ್ನಾಗಿದ್ದುವು, ಅನ್ನನಾಳವೂ ಹಿಗ್ಗಿರಲಿಲ್ಲ. ಆಗ ಚಿಕಿತ್ಸೆಯ ತಕ್ಕಡಿಯನ್ನು ಹಿಡಿದೆವು. ಈ ಲಕ್ವಕ್ಕೆ ಮಾಡುವ ಶಸ್ತ್ರಕ್ರಿಯೆಯಲ್ಲಿ ಒಂದು ಕಡೆಯ ಕದವನ್ನು ಹೊಲಿಗೆಯಿಂದ ಬದಿಗೆಳೆದು ಶಾಶ್ವತವಾಗಿ ತೆರೆದಿಡುತ್ತಾರೆ. ಎರಡೂ ಕದಗಳನ್ನು ಎಳೆದರೆ ಅಪಾಯ ಹೆಚ್ಚು. ಆದಕಾರಣ ಒಂದೇ ಸಾಕೆನ್ನುತ್ತಾರೆ. ಗುಣವೇನೆಂದರೆ ಉಸಿರು ಕೂಡಲೇ ಸರಾಗವಾಗುತ್ತದೆ. ದೋಷವೇನೆಂದರೆ ಮುಚ್ಚಬೇಕಾದಾಗಲೂ ಆ ಕದ ಮುಚ್ಚುವುದಿಲ್ಲ. ನೀರೂ ಅನ್ನವೂ ಶ್ವಾಸಕೋಶಕ್ಕೆ ನುಸುಳುವ ಭಯ ಬದುಕಿರುವವರೆಗೂ ಇರುತ್ತದೆ. 2001ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ, ಈ ರೋಗಕ್ಕೆ ಶಸ್ತ್ರಕ್ರಿಯೆಯಾದ 140 ನಾಯಿಗಳ ಪೈಕಿ 33ಕ್ಕೆ ಹೀಗೆ ಶ್ವಾಸಕೋಶದ ಉರಿಯೂತ ತಗುಲಿತ್ತು. ಅಂದರೆ ಸುಮಾರು ನಾಲ್ಕರಲ್ಲಿ ಒಂದಕ್ಕೆ. ಅಲ್ಲದೆ ಕೊಯ್ಲು ಕೊರಳಿನದೇ ಹೊರತು ನರದ್ದಲ್ಲ. ಹಿಂಗಾಲುಗಳ ನಿಶ್ಶಕ್ತಿ ತನ್ನ ದಾರಿಯಲ್ಲಿ ತಾನು ಮುಂದುವರಿಯುತ್ತದೆ.

ಶಸ್ತ್ರಕ್ರಿಯೆಯಿಲ್ಲದೆಯೂ ಸೌಮ್ಯವಾದ ಕಾಯಿಲೆಯನ್ನು ತಿಂಗಳುಗಟ್ಟಲೆ ನಿರ್ವಹಿಸಬಹುದು. ನಾವು ಮೊದಲು ಆರಿಸಿಕೊಂಡ ದಾರಿ ಇದೇ. ಕೊರಳಪಟ್ಟಿಯನ್ನು ತೆಗೆದು ಎದೆಗೆ ಕಟ್ಟುವ ಪಟ್ಟಿಯನ್ನು ಹಾಕಿದೆವು. 38 ಕಿಲೋ ಇದ್ದ ತೂಕವನ್ನು ನಾಲ್ಕು ತಿಂಗಳಲ್ಲಿ 34ಕ್ಕೆ ಇಳಿಸಿದೆವು. ತಿರುಗಾಟವನ್ನು ಬಿಸಿಲೇರುವ ಮೊದಲೇ ಮುಗಿಸುತ್ತಿದ್ದೆವು. ಆಹಾರವನ್ನು ಪುಡಿಪುಡಿಯಾಗಿ ಹಾಕದೆ ಸಣ್ಣ ಉಂಡೆಗಳಾಗಿ ಕಟ್ಟಿ, ಒಂದೊಂದಾಗಿ ಕೊಟ್ಟೆವು. ನೆಂಟರು ಬಂದಾಗ ಅದು ಕುಣಿದು ಉಸಿರುಗಟ್ಟದಂತೆ ಒಳಕೋಣೆಯಲ್ಲಿ ಇರಿಸಿದೆವು. ಈಜು ನಿಂತಿತು. ನಮ್ಮ ಮನೆಯ ಔಷಧದ ಪೆಟ್ಟಿಗೆಯನ್ನು ಅದರ ಕಾಯಿಲೆಗೆ ತೆರೆಯಲಿಲ್ಲ. ಏತಕ್ಕೆಂದರೆ ನಮಗೆ ನೋವು ಕಳೆಯುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಸಕ್ಕರೆಯಿಲ್ಲದ ಕೆಲವು ಕೆಮ್ಮಿನ ಪಾನಕಗಳಲ್ಲಿ ಸಿಹಿಗಾಗಿ ಬೆರೆಸುವ ಝೈಲಿಟಾಲ್ ನಾಯಿಗೆ ವಿಷವೇ ಸರಿ.

ಇದರೊಡನೆ ಗೋಡೆಯ ಪಂಚಾಂಗದ ಪಕ್ಕದಲ್ಲಿ ಒಂದು ಚೀಟಿ ಬರೆದು ಅಂಟಿಸಿದೆವು. ತಂಪುಹೊತ್ತಿನಲ್ಲಿ ಮಲಗಿದ್ದಾಗಲೂ ಉಸಿರು ಸದ್ದುಮಾಡಿದರೆ, ಒಸಡು ನೀಲಿಗಟ್ಟಿದರೆ, ರಾತ್ರಿ ಮಲಗಲಾರದೆ ಕುಳಿತೇ ಕಳೆದರೆ, ಇವುಗಳಲ್ಲಿ ಯಾವುದೊಂದು ಕಂಡರೂ ಮತ್ತೆ ಯೋಚಿಸತಕ್ಕದ್ದು ಎಂದು. ಆರೋಗ್ಯವಿದ್ದಾಗ ಸಮಾಧಾನದಿಂದ ಬರೆದ ಗೆರೆಯು, ಗಾಬರಿಯ ಹೊತ್ತಿನಲ್ಲಿ ದಾರಿ ತೋರುತ್ತದೆ.

ಹಾಗೆಯೇ ಆಯಿತು. ಚಳಿಗಾಲವೆಲ್ಲ ಕರಿಯನು ಸುಖವಾಗಿದ್ದನು. ಫಾಲ್ಗುಣದ ಒಂದು ಮಧ್ಯಾಹ್ನ, ವಿದ್ಯುತ್ತು ಹೋಗಿ ಬೀಸಣಿಗೆ ನಿಂತ ಹೊತ್ತಿನಲ್ಲಿ, ಬೀದಿಯಲ್ಲಿ ಹಾದ ದನವನ್ನು ಕಂಡು ಎದ್ದು ಬೊಗಳಲು ಹೋಯಿತು. ದನಿ ಬರಲಿಲ್ಲ, ಉಸಿರೂ ಬರಲಿಲ್ಲ. ನಾಯಿಯ ಮೈ ಬೆವರಿ ತಣಿಯುವುದಿಲ್ಲ, ಏದುಸಿರಿನಿಂದಲೇ ತಣಿಯಬೇಕು. ಆ ದಾರಿಯೇ ಮುಚ್ಚಿದಾಗ ಮೈ ಕಾಯುತ್ತದೆ. ಕಾದಷ್ಟೂ ಉಸಿರು ಬಿರುಸಾಗಿ ದಾರಿ ಮತ್ತೂ ಇಕ್ಕಟ್ಟಾಗುತ್ತದೆ. ಅದರ ನಾಲಗೆ ನೇರಿಳೆಹಣ್ಣಿನ ಬಣ್ಣಕ್ಕೆ ತಿರುಗಿತು. ವೈದ್ಯರು ಮೊದಲೇ ಹೇಳಿದ್ದಂತೆ ಬಾಯಿಗೆ ನೀರು ಹೊಯ್ಯದೆ, ಹೊಟ್ಟೆಯ ಮೇಲೂ ತೊಡೆಗಳ ಸಂದಿಯಲ್ಲೂ ತಣ್ಣೀರು ಸುರಿದು, ಗಾಳಿ ಹಾಕುತ್ತ ಕಾರಿನಲ್ಲಿ ಕರೆದೊಯ್ದೆವು. ಅಲ್ಲಿ ಆಮ್ಲಜನಕವನ್ನೂ, ಶಾಂತಗೊಳಿಸುವ ಚುಚ್ಚುಮದ್ದನ್ನೂ, ಬಾವು ಇಳಿಸುವ ಔಷಧವನ್ನೂ ಕೊಟ್ಟ ಮೇಲೆ ಎರಡು ಗಂಟೆಯ ಹೊತ್ತಿಗೆ ಕಣ್ಣು ತೆರೆದು ನಮ್ಮನ್ನು ಗುರುತಿಸಿತು.

ಆ ರಾತ್ರಿ ಮಾತೆತ್ತಿದವರು, ಶಸ್ತ್ರಕ್ರಿಯೆ ಬೇಡವೆಂದಿದ್ದ ನಮ್ಮ ತಾಯಿಯವರೇ. “ಸಾಯೋದಕ್ಕೆ ನಾನು ಹೆದರಿರಲಿಲ್ಲಪ್ಪ, ತಣ್ಣಗೆ ಸಾಯಲಿ ಅಂತಿದ್ದೆ. ಇದು ತಣ್ಣಗೆ ಸಾಯೋ ರೋಗ ಅಲ್ಲ. ಮಾಡಿಸಿಬಿಡಿ” ಎಂದರು. ಇದರ ಮೇಲೆ ಹೇಳುವುದೇನೂ ಉಳಿದಿರಲಿಲ್ಲ. ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರೊಡನೆ ಮಾತನಾಡಿ, ಒಂದೇ ಮಂಪರಿನಲ್ಲಿ ಕದಗಳನ್ನು ನೋಡಿ, ಲಕ್ವ ನಿಶ್ಚಯವಾದರೆ ಅಲ್ಲಿಯೇ ಕೊಯ್ಲನ್ನೂ ಮುಗಿಸುವುದೆಂದೂ, ಬದಲಿಗೆ ದುರ್ಮಾಂಸ ಕಂಡರೆ ಎಚ್ಚರಿಸದೆ ಅಲ್ಲಿಯೇ ಶಾಂತವಾಗಿ ಕಳುಹಿಸಿಕೊಡುವುದೆಂದೂ ಮೊದಲೇ ಒಪ್ಪಿಕೊಂಡೆವು. ಆ ಎರಡನೆಯ ಒಪ್ಪಿಗೆಗೆ ರುಜು ಹಾಕುವಾಗ ನಮ್ಮ ಕೈ ನಡುಗಿತೆಂಬುದನ್ನು ಮುಚ್ಚಿಡುವುದಿಲ್ಲ. ಕಂಡದ್ದು ಲಕ್ವವೇ, ಎರಡು ಕದಗಳೂ ಆಡುತ್ತಿರಲಿಲ್ಲ. ಎಡಗಡೆಯದನ್ನು ಹೊಲಿದು ತೆರೆದರು.

ಇದನ್ನು ಓದಿದ ಎಲ್ಲರೂ ಶಸ್ತ್ರಕ್ರಿಯೆಯನ್ನೇ ಮಾಡಿಸಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ನೆರೆಮನೆಯ ನಿವೃತ್ತ ಉಪಾಧ್ಯಾಯರ ಪೊಮೇರಿಯನ್ ನಾಯಿಗೆ ಶ್ವಾಸನಾಳದ ದೌರ್ಬಲ್ಯ. ತೂಕ ಇಳಿಸಿ, ಕೆಮ್ಮಿನ ಮಾತ್ರೆಯಿಂದಲೇ ಎರಡನೆಯ ವರ್ಷ ನಡೆಯುತ್ತಿದೆ. ಮತ್ತೊಬ್ಬ ಸ್ನೇಹಿತರ ನಾಯಿಗೆ ಗಂಟಲ ಗ್ರಂಥಿಯಲ್ಲಿ ದುರ್ಮಾಂಸ; ಅವರು ಮೂರು ವಾರ ನೋವು ಕಳೆಯುವ ಔಷಧ ಕೊಡಿಸಿ, ಅದು ಅನ್ನ ಬಿಟ್ಟ ದಿನ ವೈದ್ಯರನ್ನು ಮನೆಗೇ ಕರೆಸಿ ಕೊನೆಗಾಣಿಸಿದರು. ಅವರು ಮಾಡಿದ್ದೂ ಸರಿಯೇ. ಹಣವಿಲ್ಲದವನು ಶಸ್ತ್ರಕ್ರಿಯೆ ಮಾಡಿಸದಿದ್ದರೆ ಪಾಪಿಯಲ್ಲ. ಹಣವಿದ್ದವನು ಮಾಡಿಸಿದೊಡನೆ ಪುಣ್ಯವಂತನೂ ಅಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದರಿಂದ ಆ ಪ್ರಾಣಿಯ ನಾಳಿನ ದಿನ ಇಂದಿಗಿಂತ ಸುಖವಾದೀತೆ? ಊರಿನ ವೈದ್ಯರಿಗೆ ಸಾಧನ ಸಾಲದಿದ್ದರೆ, 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜನ್ನಾಗಲಿ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯ ಕಾಲೇಜುಗಳನ್ನಾಗಲಿ ವಿಚಾರಿಸಬಹುದು.

ಕರಿಯನ ಕೊಯ್ಲು ಆಗಿ ಇಂದಿಗೆ ಐದು ವಾರ. ಗರಗಸದ ಸದ್ದು ನಿಂತಿದೆ. ಉಂಡೆ ಕಟ್ಟಿದ ಅನ್ನವನ್ನು ನಾವು ಒಂದೊಂದಾಗಿ ಕೊಡುತ್ತೇವೆ. ನೀರು ಕುಡಿದಾಗ ಒಮ್ಮೊಮ್ಮೆ ಕೆಮ್ಮುತ್ತದೆ, ಕೆಮ್ಮಿದಾಗಲೆಲ್ಲ ನಮ್ಮ ಎದೆ ಝಲ್ಲೆನ್ನುತ್ತದೆ. ಮುಟ್ಟಿದರೆ ಮೈ ಬಿಸಿಯಿದೆಯೇ ಎಂದು ದಿನವೂ ನೋಡುತ್ತೇವೆ. ಹಿಂಗಾಲುಗಳು ಮೊದಲಿಗಿಂತ ಸೋತಿವೆ. ಮೆಟ್ಟಿಲ ಮೇಲೆ ಗೋಣಿಯ ತಾಟನ್ನು ಹಾಸಿದ್ದೇವೆ. ಬೊಗಳು ಇನ್ನು ಬಾರದು. ಬೆಳಿಗ್ಗೆ ಹಾಲಿನವನು ಬಂದಾಗ ಎದ್ದು ನಿಂತು ಬಾಯಿ ತೆರೆಯುತ್ತದೆ, ಗಾಳಿಯಷ್ಟೇ ಹೊರಡುತ್ತದೆ. ಹಾಲಿನವನು ಮಾತ್ರ ಹಿಂದಿನಂತೆಯೇ ಎರಡು ಹೆಜ್ಜೆ ಹಿಂದೆ ಸರಿದು, “ಸಾಕು ಬಿಡೋ ಕರಿಯ, ನಾನೇ ಕಣೋ” ಎನ್ನುತ್ತಾನೆ. ಕರಿಯನು ತನ್ನ ಕೆಲಸ ಮುಗಿಯಿತೆಂಬಂತೆ ಬಂದು ಹೊಸ್ತಿಲ ಬಳಿ ಮಲಗುತ್ತದೆ.